ಫಾಲ್ಸ್ ಸೀಲಿಂಗ್ ಒಳಗೆ ಕೇಬಲ್ ಎಳೆಯಲು ಫೈಬರ್‌ಗ್ಲಾಸ್ ರಾಡ್ ಸೆಟ್: ಕೆಲವು ವರ್ಷ ಬಳಸಿದ ಮೇಲೆ

ಫಾಲ್ಸ್ ಸೀಲಿಂಗ್ ಇರುವ ಮನೆಗಳಲ್ಲಿ ಕೇಬಲ್ ಎಳೆಯುವವರು ಫೈಬರ್‌ಗ್ಲಾಸ್ ರಾಡ್ ಸೆಟ್ ಒಂದನ್ನು ಖಂಡಿತ ತಗೊಳ್ಳಿ. ಆದರೆ ಉದ್ದ ನೋಡಿ ತಗೊಳ್ಳಬೇಡಿ, ರಾಡ್‌ಗಳು ಒಂದಕ್ಕೊಂದು ಸೇರುವ ಜಾಯಿಂಟ್ ನೋಡಿ ತಗೊಳ್ಳಿ. ಕೆಲವು ವರ್ಷಗಳಿಂದ ಇದನ್ನೇ ನಂಬಿಕೊಂಡು ಕೆಲಸ ಮಾಡುತ್ತಿದ್ದೇನೆ, ಅದರಿಂದ ಹೇಳುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಸಿಸಿಟಿವಿ ಮತ್ತು ವೈಫೈ ಕೆಲಸ ಮಾಡುವವನು. ಅಪಾರ್ಟ್‌ಮೆಂಟ್ ಕೆಲಸವೇ ಜಾಸ್ತಿ. ಅಲ್ಲಿ ಮೇಲೆ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಬೇರೆಯವರ ಮನೆ. ಕೆಳಗೆ ಜಿಪ್ಸಂ ಬೋರ್ಡ್. ನಡುವೆ ನಾಲ್ಕು ಇಂಚೋ ಆರು ಇಂಚೋ ಜಾಗ. ಮೇಲಿಂದ ಕೈ ಹಾಕುವ ದಾರಿಯೇ ಇಲ್ಲ. ಇಂಟೀರಿಯರ್ ಮಾಡಿಸುವಾಗ ಲೈಟಿಗೆ, ಫ್ಯಾನಿಗೆ ಪೈಪ್ ಹಾಕಿಸಿರುತ್ತಾರೆ, ನೆಟ್‌ವರ್ಕ್ ಕೇಬಲ್ ಮಾತ್ರ ಯಾರಿಗೂ ನೆನಪಾಗಿರುವುದಿಲ್ಲ. ಆಮೇಲೆ ಒಳಗಿನ ಬೆಡ್‌ರೂಮಿಗೆ ಸಿಗ್ನಲ್ ಬರಲ್ಲ ಅಂತ ಫೋನ್ ಬರುತ್ತದೆ. ಹೋದ ಕೂಡಲೇ ಮೊದಲ ಮಾತು, "ನೋಡಪ್ಪಾ, ಸೀಲಿಂಗ್ ಮಾತ್ರ ಕಟ್ ಮಾಡ್ಬೇಡ, ಈಗಷ್ಟೇ ಪೇಂಟ್ ಮಾಡಿಸಿದ್ದೀವಿ." ಅವರು ಹೇಳುವುದು ಸರಿಯಾಗಿಯೇ ಇದೆ. ಬೋರ್ಡ್ ಕತ್ತರಿಸಿದರೆ ಆಮೇಲೆ ತುಂಡು ಕೂರಿಸಬೇಕು, ಜಾಯಿಂಟ್ ಟೇಪ್ ಹಾಕಬೇಕು, ಪುಟ್ಟಿ ಹಚ್ಚಿ ಉಜ್ಜಬೇಕು. ಅಷ್ಟು ಜಾಗಕ್ಕೆ ಮಾತ್ರ ಬಣ್ಣ ಹೊಡೆದರೆ ತೇಪೆ ಎದ್ದು ಕಾಣುತ್ತದೆ, ಹಾಗಾಗಿ ಪೂರ್ತಿ ಸೀಲಿಂಗಿಗೇ ಬಣ್ಣ. ಒಂದು ಕೇಬಲ್‌ಗೋಸ್ಕರ ಇಷ್ಟೆಲ್ಲ.

ಮೊದಲು ನಾವು ಎಲ್ಲರ ಹಾಗೆ ಸ್ಪ್ರಿಂಗ್ ವೈರ್ ಬಳಸುತ್ತಿದ್ದೆವು. ಪೈಪ್ ಒಳಗೆ ಅದಕ್ಕೆ ಸಾಟಿ ಇಲ್ಲ, ಸುತ್ತ ಪೈಪಿನ ಗೋಡೆ ಇರುತ್ತದೆ, ತಳ್ಳಿದ ಕಡೆ ಹೋಗುತ್ತದೆ. ಸೀಲಿಂಗಿನ ಖಾಲಿ ಜಾಗದಲ್ಲಿ ಅದನ್ನು ಹಿಡಿದಿಡುವುದು ಏನೂ ಇಲ್ಲ. ಸ್ವಲ್ಪ ದೂರ ಹೋಗಿ ಸುರುಳಿ ಸುತ್ತಿಕೊಂಡು ಅಲ್ಲೇ ನಿಲ್ಲುತ್ತದೆ. ನಾವು ತಳ್ಳುತ್ತಲೇ ಇರುತ್ತೇವೆ, ತುದಿ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಅದೂ ಅಲ್ಲದೆ ಅದು ಉಕ್ಕು. ಸೀಲಿಂಗ್ ಒಳಗೆ ಲೈಟಿನ ಜಾಯಿಂಟ್‌ಗಳನ್ನು ಸುಮ್ನೆ ತಿರುಚಿ ಟೇಪ್ ಸುತ್ತಿ ಬಿಟ್ಟಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಂಥ ಕಡೆ ಕತ್ತಲಲ್ಲಿ ಉಕ್ಕಿನ ತಂತಿ ತಳ್ಳುವುದು ಜೀವದ ಪ್ರಶ್ನೆ.

ಫೈಬರ್‌ಗ್ಲಾಸ್ ರಾಡ್ ಈ ಎರಡೂ ತೊಂದರೆಯನ್ನು ಬಹುಪಾಲು ತೀರಿಸುತ್ತದೆ. ಸಾಮಾನ್ಯವಾಗಿ ಒಂದೊಂದು ರಾಡ್ 1 ಮೀಟರ್, ತುದಿಯಲ್ಲಿ ಹಿತ್ತಾಳೆಯ ಥ್ರೆಡ್, ಒಂದಕ್ಕೊಂದು ತಿರುಗಿಸಿ ಜೋಡಿಸುವುದು. ನೇರ ನಿಲ್ಲುತ್ತದೆ, ಅಗತ್ಯ ಬಿದ್ದಾಗ ಬಾಗುತ್ತದೆ. ಫೈಬರ್‌ಗ್ಲಾಸ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ತುದಿ ಹಿತ್ತಾಳೆ, ಕೊಕ್ಕೆ ಉಕ್ಕು. ಅದಕ್ಕೇ ಆ ರೂಮಿನ ಎಂಸಿಬಿ (ಮೇನ್ ಬಾಕ್ಸ್‌ನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡದೆ ನಾನು ಏಣಿ ಹತ್ತುವುದಿಲ್ಲ. ನೀವೂ ಹತ್ತಬೇಡಿ.

ಈಗ ದಪ್ಪದ ವಿಷಯ. ಅಂಗಡಿಯಲ್ಲಿ 6 ಮಿ.ಮೀ. ರಾಡ್ ಕೈಗೆ ಗಟ್ಟಿಯಾಗಿ ಸಿಗುತ್ತದೆ, ಎಲ್ಲರೂ ಅದನ್ನೇ ಇಷ್ಟಪಡುತ್ತಾರೆ. ಸೀಲಿಂಗಿಗೆ ಅದು ಆಗುವುದಿಲ್ಲ. ಸೀಲಿಂಗಿನಲ್ಲಿ ಹುದುಗಿಸಿದ ಡೌನ್‌ಲೈಟ್ ಬಿಚ್ಚಿದರೆ ಸಿಗುವುದು ಮೂರು ನಾಲ್ಕು ಇಂಚಿನ ತೂತು. ಅಲ್ಲಿಂದ ಓರೆಯಾಗಿ ಒಳಗೆ ಹೋದ ರಾಡ್ ಕೆಲವೇ ಇಂಚಿನ ಎತ್ತರದಲ್ಲಿ ತಿರುಗಿ ಅಡ್ಡ ಮಲಗಬೇಕು. ದಪ್ಪ ರಾಡ್ ಬಾಗುವುದಿಲ್ಲ, ಬಲ ಹಾಕಿದರೆ ತೂತಿನ ಅಂಚಿನ ಜಿಪ್ಸಂ ಪುಡಿಯಾಗುತ್ತದೆ, ಆಮೇಲೆ ಲೈಟಿನ ಸ್ಪ್ರಿಂಗ್ ಕೂರಲು ಜಾಗವೇ ಇರುವುದಿಲ್ಲ. 4 ಮಿ.ಮೀ. ರಾಡ್ ತಗೊಳ್ಳಿ. ಅದಕ್ಕಿಂತ ಒಳ್ಳೆಯದು ಮುಂದೆ ಒಂದು ಮೆತ್ತನೆಯ ರಾಡ್, ಹಿಂದೆ ಸ್ವಲ್ಪ ಗಡುಸಾದದ್ದು ಇರುವ ಸೆಟ್. ಮುಂದಿನದು ಬಾಗಿ ದಾರಿ ಹುಡುಕುತ್ತದೆ, ಹಿಂದಿನದು ತಳ್ಳುತ್ತದೆ. ಜಾಗ ನಾಲ್ಕೇ ಇಂಚು ಇದ್ದರೆ 4 ಮಿ.ಮೀ. ಕೂಡ ಕಷ್ಟ. ಆಗ ಕೋವ್ ಲೈಟಿನ (ಸೀಲಿಂಗ್ ಅಂಚಿನಲ್ಲಿ ಅಡಗಿಸಿಟ್ಟ ಲೈಟು) ಸಂದಿಯಿಂದ ಹೋಗಿ, ಅಲ್ಲಿ ರಾಡನ್ನು ನೇರವಾಗಿಯೇ ತಳ್ಳಬಹುದು.

ಜಾಯಿಂಟ್ ಬಗ್ಗೆ ಮೊದಲೇ ಹೇಳಿದೆ ಅಲ್ವಾ, ಕಾರಣ ಇದು. ನನ್ನ ಮೊದಲ ಸೆಟ್ ಆನ್‌ಲೈನಲ್ಲಿ ತರಿಸಿದ್ದು, ಕಡಿಮೆ ಬೆಲೆಯದು. ಹಿತ್ತಾಳೆ ತುದಿಯನ್ನು ರಾಡಿಗೆ ಬರೀ ಅಂಟು ಹಾಕಿ ಸಿಗಿಸಿದ್ದರು. ತಳ್ಳುವಾಗ ಏನೂ ಗೊತ್ತಾಗಲಿಲ್ಲ. ಎಳೆಯುವಾಗ ಕೇಬಲಿನ ಭಾರ ಬಿದ್ದು ತುದಿ ಕಿತ್ತುಕೊಂಡು ಬಂತು, ಮುಂದಿನ ರಾಡ್‌ಗಳು ಕೇಬಲ್ ಸಮೇತ ಒಳಗೇ ಉಳಿದವು. ಅವು ಇವತ್ತಿಗೂ ಆ ಸೀಲಿಂಗ್ ಮೇಲೇ ಇವೆ. ಈಗಿನ ಸೆಟ್ಟಿನಲ್ಲಿ ತುದಿಯನ್ನು ಅಂಟಿನ ಜೊತೆ ಒತ್ತಿಯೂ ಕೂರಿಸಿದ್ದಾರೆ, ಇಷ್ಟು ವರ್ಷದಲ್ಲಿ ಒಂದೂ ಬಿಟ್ಟಿಲ್ಲ. ಅಂಗಡಿಯಲ್ಲಿ ತಗೊಳ್ಳುವುದಾದರೆ ಒಂದು ರಾಡ್ ಕೈಗೆ ತಗೊಂಡು ತುದಿ ಹಿಡಿದು ಜೋರಾಗಿ ಎಳೆದು, ತಿರುಚಿ ನೋಡಿ. ಅಂಗಡಿಯವರು ಮುಖ ಗಂಟು ಹಾಕಿದರೆ ಹಾಕಲಿ. ರಾಡ್ ಒಳಗೆ ಹೋಗುವುದು ದೊಡ್ಡ ವಿಷಯವಲ್ಲ, ಕೇಬಲ್ ಹಿಡಿದುಕೊಂಡು ವಾಪಸ್ ಬರಬೇಕು.

ಇನ್ನೊಂದು ಮಾತು. ಒಳಗೆ ಸಿಕ್ಕಿಕೊಂಡಾಗ ರಾಡನ್ನು ತಿರುಗಿಸಿ ಬಿಡಿಸುತ್ತೇವೆ. ಯಾವಾಗಲೂ ಬಲಕ್ಕೇ ತಿರುಗಿಸಿ. ಎಡಕ್ಕೆ ತಿರುಗಿಸಿದರೆ ಒಳಗಿರುವ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ, ಹೊರಗಿರುವ ನಮಗೆ ತಿಳಿಯುವುದೂ ಇಲ್ಲ.

ಸೆಟ್ ಜೊತೆ ಕೊಕ್ಕೆ, ಉಂಗುರ, ಸಣ್ಣ ಚೈನು, ಮ್ಯಾಗ್ನೆಟ್ ಬರುತ್ತದೆ. ಚೈನು ಮತ್ತು ಮ್ಯಾಗ್ನೆಟ್ ಇರುವುದು ಟೊಳ್ಳು ಗೋಡೆಯ ಒಳಗೆ ಕೇಬಲ್ ಇಳಿಸಲು. ಹೊರದೇಶದ ವಿಡಿಯೋಗಳಲ್ಲಿ ಚೈನು ಇಳಿಬಿಟ್ಟು ಕೆಳಗಿನಿಂದ ಮ್ಯಾಗ್ನೆಟ್‌ನಲ್ಲಿ ಹಿಡಿಯುತ್ತಾರೆ, ನೋಡಲು ಬಹಳ ಚೆನ್ನಾಗಿರುತ್ತದೆ. ನಮ್ಮ ಗೋಡೆ ಇಟ್ಟಿಗೆ, ಇಲ್ಲಾಂದ್ರೆ ಸಿಮೆಂಟ್ ಬ್ಲಾಕ್, ಒಳಗೆ ಹಾಗೆ ಜಾಗ ಇರುವುದಿಲ್ಲ. ಟಿವಿ ಹಿಂದಿನ ಪ್ಲೈವುಡ್ ಪ್ಯಾನೆಲ್ ಒಳಗೆ ಇಳಿಸಲು ಮಾತ್ರ ಚೈನು ಉಪಯೋಗಕ್ಕೆ ಬರುತ್ತದೆ. ಮ್ಯಾಗ್ನೆಟ್ಟನ್ನು ಸೀಲಿಂಗ್ ಒಳಗಂತೂ ಕಳಿಸಲೇಬೇಡಿ, ಬೋರ್ಡ್ ಹಿಡಿದಿರುವ ಸಿಕ್ಕ ಸಿಕ್ಕ ಜಿಐ (ಸತು ಲೇಪಿಸಿದ ಉಕ್ಕಿನ) ಚಾನೆಲ್‌ಗೆಲ್ಲ ಅಂಟಿಕೊಂಡು ನಿಲ್ಲುತ್ತದೆ.

ಆದರೆ ಮ್ಯಾಗ್ನೆಟ್ ಎಸೆಯಬೇಡಿ. ಅದರ ನಿಜವಾದ ಕೆಲಸ ಹೊರಗಿದೆ. ಜಿಪ್ಸಂ ಬೋರ್ಡನ್ನು ಉಕ್ಕಿನ ಸ್ಕ್ರೂನಿಂದ ಚಾನೆಲ್‌ಗೆ ಕೂರಿಸಿರುತ್ತಾರೆ, ಮೇಲೆ ಪುಟ್ಟಿ ಬಣ್ಣ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಮ್ಯಾಗ್ನೆಟ್ಟಿಗೆ ತೆಳ್ಳನೆಯ ಬಟ್ಟೆ ಸುತ್ತಿ ಸೀಲಿಂಗ್ ಮೇಲೆ ನಿಧಾನವಾಗಿ ಆಡಿಸಿದರೆ ಸ್ಕ್ರೂ ಇರುವ ಕಡೆ ಎಳೆತ ಗೊತ್ತಾಗುತ್ತದೆ. ಪೆನ್ಸಿಲ್‌ನಲ್ಲಿ ಸಣ್ಣ ಚುಕ್ಕೆ ಇಟ್ಟುಕೊಂಡು ಹೋದರೆ ಸಾಲು ಸಿಗುತ್ತದೆ. ಆ ಸಾಲೇ ಬೋರ್ಡ್ ಕೂತಿರುವ ಚಾನೆಲ್, ಅದನ್ನು ಸೆಕ್ಷನ್ ಅಂತೀವಿ. ಸಾಮಾನ್ಯವಾಗಿ ಒಂದೂವರೆ ಅಡಿಗೊಂದು ಸೆಕ್ಷನ್ ಇರುತ್ತದೆ, ಅದರ ಮೇಲೆ ಅಡ್ಡಕ್ಕೆ ಸುಮಾರು ನಾಲ್ಕು ಅಡಿಗೊಂದು ಇಂಟರ್‌ಮೀಡಿಯೆಟ್ ಚಾನೆಲ್, ಅದನ್ನು ಸ್ಲ್ಯಾಬ್‌ನಿಂದ ಪಟ್ಟಿ ಹಾಕಿ ತೂಗುಬಿಟ್ಟಿರುತ್ತಾರೆ. ಸೆಕ್ಷನ್ ಹೋಗುವ ದಿಕ್ಕಿನಲ್ಲೇ ತಳ್ಳಿದರೆ ರಾಡ್ ಎರಡು ಸೆಕ್ಷನ್ ನಡುವೆ ಬೋರ್ಡ್ ಮೇಲೆ ಜಾರಿಕೊಂಡು ಹೋಗುತ್ತದೆ. ಅಡ್ಡಕ್ಕೆ ತಳ್ಳಿದರೆ ಒಂದೂವರೆ ಅಡಿಗೊಮ್ಮೆ ತಡೆ. ಹಾಗಾಗಿ ದಾರಿ ಸ್ವಲ್ಪ ಸುತ್ತಾದರೂ ಸೆಕ್ಷನ್ ದಿಕ್ಕಿನಲ್ಲೇ ಹೋಗಿ, ಲೈಟಿನ ತೂತು ಇರುವ ಕಡೆ ತಿರುಗಿಸಿಕೊಳ್ಳಿ. ಅಡ್ಡ ಹೋಗಲೇಬೇಕಾದರೆ ಒಂದು ಡೌನ್‌ಲೈಟ್‌ನಿಂದ ಪಕ್ಕದ ಡೌನ್‌ಲೈಟ್‌ವರೆಗೆ ತುಂಡು ತುಂಡಾಗಿ ಹೋಗುವುದೇ ಸುಲಭ.

ಕೇಬಲ್ ಕಟ್ಟುವುದರಲ್ಲಿ ಅವಸರ ಬೇಡ. ತುದಿಯ ಪ್ಲಗ್, ಅಂದರೆ ಆರ್‌ಜೆ45, ಮೊದಲೇ ಹಾಕಬೇಡಿ, ಅದು ಚಾನೆಲ್ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕ್ಯಾಟ್ 6 ನೆಟ್‌ವರ್ಕ್ ಕೇಬಲಿನ ಮೇಲಿನ ಸಿಪ್ಪೆ ಸ್ವಲ್ಪ ಬಿಚ್ಚಿ, ಒಳಗಿನ ಜೋಡಿ ತಂತಿಗಳನ್ನು ಉಂಗುರಕ್ಕೆ ಪೋಣಿಸಿ ತಿರುಚಿ, ಮೇಲೆ ಟೇಪನ್ನು ಮೂತಿ ಚೂಪಾಗುವ ಹಾಗೆ ಸುತ್ತಿ. ಆ ತುದಿಯನ್ನು ಆಮೇಲೆ ಕತ್ತರಿಸಿ ಬಿಸಾಡಬೇಕು, ಹಾಗಾಗಿ ಕೇಬಲ್ ಉದ್ದ ಬಿಡಿ. ಒಬ್ಬರು ಎಳೆಯಬೇಕು, ಇನ್ನೊಬ್ಬರು ಆ ಕಡೆಯಿಂದ ಬಿಡುತ್ತಾ ಹೋಗಬೇಕು. ಈ ಕೇಬಲ್ ತಡೆಯುವ ಎಳೆತ 110 ನ್ಯೂಟನ್, ಅಂದರೆ ಸುಮಾರು 11 ಕೆಜಿ ಭಾರ ಅಷ್ಟೇ. ಅದಕ್ಕಿಂತ ಜೋರಾಗಿ ಎಳೆದರೆ ಒಳಗಿನ ಜೋಡಿ ತಂತಿಗಳ ತಿರುಚು ಹಾಳಾಗುತ್ತದೆ, ಹೊರಗೆ ಚೆನ್ನಾಗಿ ಕಂಡರೂ ಸ್ಪೀಡ್ ಸಿಗದೇ ಹೋಗಬಹುದು. ಬಿಗಿಯಾಯಿತು ಅನಿಸಿದರೆ ನಿಲ್ಲಿಸಿ, ಹಿಂದೆ ಬಿಟ್ಟು ಮತ್ತೆ ಎಳೆಯಿರಿ. ಲೈಟಿನ ವೈರುಗಳ ಜೊತೆ ಅಂಟಿಕೊಂಡು ಮಲಗುವ ಹಾಗೆ ಮಾಡಬೇಡಿ, ದಾಟಲೇಬೇಕಾದರೆ ಅಡ್ಡ ದಾಟಿಸಿ.

ಕೇಬಲ್ ಜೊತೆಗೆ ಒಂದು ನೈಲಾನ್ ದಾರವನ್ನೂ ಎಳೆದು ಒಳಗೇ ಬಿಟ್ಟುಬಿಡಿ. ನಾಳೆ ಆ ಮನೆಗೆ ಕ್ಯಾಮೆರಾ ಬೇಕು ಅಂದರೆ ಬರೀ ಆ ದಾರದಿಂದಲೇ ಕೆಲಸ ಮುಗಿಯುತ್ತದೆ. ಖರ್ಚು ಏನೇನೂ ಇಲ್ಲ, ಆದರೂ ಬಿಡುವವರು ಕಡಿಮೆ. ಪ್ರತಿ ಇಲೆಕ್ಟ್ರಿಷಿಯನ್ನೂ ಬಿಡಬೇಕು ಅಂತ ನನಗೆ ಬಹಳ ಆಸೆ.

ರಾಡ್ ಸೋಲುವುದು ಬೀಮ್ ಇರುವ ಕಡೆ. ಸ್ಲ್ಯಾಬ್‌ನಿಂದ ಕೆಳಗಿಳಿದ ಬೀಮ್ ಸೀಲಿಂಗ್ ಮಟ್ಟಕ್ಕೇ ಬಂದು ಮುಟ್ಟಿದ್ದರೆ ಆ ಕಡೆಗೆ ದಾರಿಯೇ ಇಲ್ಲ. ಬೀಮ್‌ಗೆ ತೂತು ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಸ್ಲ್ಯಾಬಿನ ಭಾರ ಹೊರುವುದು ಅದೇ. ಅಲ್ಲಿ ಕೆಳಗಿಳಿದು ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಕೇಸಿಂಗ್ ಪಟ್ಟಿ ಹಾಕಿ ದಾಟಿಸುವುದೇ ಸರಿ.

ಬಾಳಿಕೆ ಚೆನ್ನಾಗಿದೆ, ಆದರೆ ನೋಡಿಕೊಳ್ಳಬೇಕು. ಬಿಸಿಲಿಗೆ ಬಿದ್ದರೆ ಮೇಲ್ಮೈ ಒರಟಾಗಿ ಗಾಜಿನ ನಾರು ಏಳುತ್ತದೆ, ಕೈಗೆ ಚುಚ್ಚಿದರೆ ಎರಡು ದಿನ ಉರಿ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಬೈಕಿಗೆ ಕಟ್ಟಿ ಬಿಸಿಲಲ್ಲಿ ನಿಲ್ಲಿಸಬೇಡಿ. ಸೆಟ್ ಜೊತೆ ಬರುವ ಪ್ಲಾಸ್ಟಿಕ್ ಟ್ಯೂಬಿನ ಮುಚ್ಚಳ ಬೇಗ ಮುರಿಯುತ್ತದೆ, ನಾನು ಪಿವಿಸಿ ಪೈಪ್ ತುಂಡಿಗೆ ಎರಡು ಎಂಡ್ ಕ್ಯಾಪ್ ಹಾಕಿಕೊಂಡಿದ್ದೇನೆ. ತಗೊಳ್ಳುವ ಮೊದಲು ಬಿಡಿ ರಾಡ್ ಸಿಗುತ್ತದಾ ಅಂತ ಕೇಳಿ, ಥ್ರೆಡ್ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಒಂದೊಂದು ಕಂಪನಿಯ ಥ್ರೆಡ್ ಒಂದೊಂದು ಥರ, ಒಂದರ ರಾಡ್ ಇನ್ನೊಂದಕ್ಕೆ ಕೂರುವುದಿಲ್ಲ.