ಹೊಗೆಸೊಪ್ಪಿನ ಸಸಿ: ಮಡಿಯೋ, ಟ್ರೇಯೋ, ಕೊಂಡು ತರೋದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟ್ರೇ ಸಸಿಗೆ, ಅಂದರೆ ನೆಲದ ಮಡಿಯಲ್ಲಲ್ಲ, ಗುಳಿ ಗುಳಿ ಇರುವ ಪ್ಲಾಸ್ಟಿಕ್ ಟ್ರೇಯಲ್ಲಿ ಬೆಳೆಸಿದ ಸಸಿಗೆ. ಅದಕ್ಕೆ ಕಾರಣ ಹೋದ ವರ್ಷ ದುಡ್ಡು ಕೊಟ್ಟು ತಂದ ಸಸಿ. ನೋಡೋಕೆ ಚೆನ್ನಾಗಿಯೇ ಇತ್ತು. ಎಲೆ ಹಸಿರು, ದಂಟು ಗಟ್ಟಿ. ನಾಟಿ ಆಗಿ ತಿಂಗಳು ಕಳೆದರೂ ಅಲ್ಲಲ್ಲಿ ಗಿಡ ಮೇಲೇಳಲೇ ಇಲ್ಲ. ಮಧ್ಯಾಹ್ನ ಬಾಡುವುದು, ಸಂಜೆ ಸುಧಾರಿಸಿಕೊಳ್ಳುವುದು. ಒಂದನ್ನು ಕಿತ್ತು ಬೇರು ತೊಳೆದರೆ ತುಂಬಾ ಗಂಟು. ಜಂತುಹುಳದ ಕಾಟ, ಅಂದರೆ ಮಣ್ಣಲ್ಲಿದ್ದು ಬೇರಿಗೆ ಹೊಕ್ಕು ಗಂಟು ಕಟ್ಟಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಮಾರಿದವರು "ನಿಮ್ಮ ಹೊಲದಲ್ಲೇ ಇತ್ತು ಬಿಡಿ" ಅಂದರು. ಹೊಲದಲ್ಲೇ ಇತ್ತು ಅನ್ನೋಣ. ಆದರೆ ನಾಟಿ ಮಾಡಿ ಮಿಕ್ಕು ಹಿತ್ತಲಲ್ಲಿ ಒಣಗಿ ಬಿದ್ದಿದ್ದ ಕಂತೆಯ ಬೇರಿನಲ್ಲೂ ಅದೇ ಗಂಟು ಹೇಗೆ ಬಂತು?

ಹಾಗಾಗಿ ಈ ವರ್ಷ ಮೊದಲ ಸಲ ಮನೆಯಲ್ಲೇ ಬೀಜ ಹಾಕಿದೆವು. ನಮ್ಮದು ಪಿರಿಯಾಪಟ್ಟಣ ಕಡೆ. ಅಪ್ಪನ ಹೆಸರಲ್ಲಿ ಪರವಾನಗಿ ಇದೆ, ಎಲೆ ಹದ ಮಾಡುವ ಒಂದು ಬ್ಯಾರನ್ (ಬಿಸಿ ಮನೆ) ಇದೆ. ಪರವಾನಗಿ ಇಲ್ಲದವರು ಇದನ್ನು ಓದಿ ಸುಮ್ನೆ ವರ್ಜೀನಿಯಾ (ಸಿಗರೇಟಿಗೆ ಹೋಗುವ ಹೊಗೆಸೊಪ್ಪು) ಬೀಜ ಹಾಕಲು ಹೋಗಬೇಡಿ. 1975ರ ತಂಬಾಕು ಮಂಡಳಿ ಕಾಯ್ದೆ ಪ್ರಕಾರ ನೋಂದಣಿ ಬೇಕೇ ಬೇಕು. ಹೊಲದಲ್ಲಿ ಅರ್ಧಕ್ಕೆ ಮಡಿ ಸಸಿ, ಇನ್ನರ್ಧಕ್ಕೆ ಟ್ರೇ ಸಸಿ ಎಂದು ಅಪ್ಪನ ಜೊತೆ ರಾಜಿ ಆಯಿತು. ಅವರು ಮಡಿ ಕಡೆ, ನಾನು ಟ್ರೇ ಕಡೆ.

ಬೀಜ ಕಾಂಚನ್ ತಳಿಯದು, ಎರಡಕ್ಕೂ ಅದೇ. ಈ ಬೀಜ ಗಸಗಸೆಗಿಂತ ಸಣ್ಣದು. ಒಂದು ಗ್ರಾಂನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಇರುತ್ತದೆ. ಹತ್ತು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿಗೆ ನಾಲ್ಕೈದು ಗ್ರಾಂ ಸಾಕು. ಸಣ್ಣ ಮರಳಿನಲ್ಲಿ ಕಲಸಿ ಚೆಲ್ಲಬೇಕು. ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಮೇಲೆ ತೆಳುವಾಗಿ ಹುಲ್ಲು ಹಾಸಿ, ಮೊಳಕೆ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ತೆಗೆಯಬೇಕು.

ಮಡಿಯ ದೊಡ್ಡ ಗುಣ ಅಂದರೆ ಖರ್ಚೇ ಇಲ್ಲ. ಗೊಬ್ಬರ ಮನೇದು, ಹುಲ್ಲು ಮನೇದು. ಬೀಜ ಹಾಕುವ ಮೊದಲು ಮಡಿ ಮೇಲೆ ಕಸಕಡ್ಡಿ ಹರಡಿ ಸುಟ್ಟರೆ ಕಳೆ ಕಡಿಮೆ, ರೋಗವೂ ಕಡಿಮೆ. ಆದರೂ ಕೊಳೆ ರೋಗ ಬಂತು. ಅಪ್ಪ ಬೀಜ ಸ್ವಲ್ಪ ಒತ್ತಾಗಿ ಚೆಲ್ಲಿದ್ದರು, ಮೋಡ ಕವಿದಿತ್ತು, ನೀರೂ ಬಿದ್ದಿತ್ತು. ಬೆಳಗ್ಗೆ ನೋಡಿದರೆ ತಟ್ಟೆಯಗಲ ಸಸಿ ಬುಡ ಕಂದಿ ನೆಲಕ್ಕೆ ಮಲಗಿದ್ದವು. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ನೀರು) ಹೊಡೆದ ಮೇಲೆ ನಿಂತಿತು.

ಈಗ ಟ್ರೇ. ಟ್ರೇ ಅಂದರೆ ಮಡಿಯೇ ಬೇಡ ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ನಮ್ಮ ಕಡೆ ಹಾಗಲ್ಲ. ಮೊದಲು ಚಿಕ್ಕ ಮಡಿಯಲ್ಲಿ ಬೀಜ ಹಾಕಿ, ಇಪ್ಪತ್ತೈದು ಮೂವತ್ತು ದಿನದ ಎಳೆ ಸಸಿಯನ್ನು 98 ಗುಳಿಯ ಟ್ರೇಗೆ ಬದಲಾಯಿಸುತ್ತೇವೆ. ಗುಳಿಯಲ್ಲಿ ಕೊಳೆತ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಜೊತೆಗೆ ಕೊಳೆ ರೋಗ ತಡೆಯುವ ಒಳ್ಳೆ ಶಿಲೀಂಧ್ರ ಟ್ರೈಕೋಡರ್ಮಾ. ಅಮ್ಮ, ಚಿಕ್ಕಮ್ಮ ನೆರಳಲ್ಲಿ ಕೂತು ಊದುಬತ್ತಿ ಕಡ್ಡಿಯಲ್ಲಿ ತೂತು ಮಾಡಿ ಒಂದೊಂದೇ ಕೂರಿಸಿದರು. ಎಕರೆಗೆ ಏಳು ಸಾವಿರದ ಮೇಲೆ ಸಸಿ ಬೇಕು. ಅಂದರೆ ಹತ್ತಿರ ಹತ್ತಿರ 75 ಟ್ರೇ. ಕೂಲಿಗೆ ಹಾಕಿದರೆ ಇಲ್ಲೇ ದುಡ್ಡು ಕೈ ಬಿಡುತ್ತದೆ.

ನನ್ನನ್ನು ನಿಜಕ್ಕೂ ಸತಾಯಿಸಿದ್ದು ಮಾತ್ರ ನೀರು. ಟ್ರೇಯ ಅಂಚಿನ ಗುಳಿ ಬೇಗ ಒಣಗುತ್ತದೆ, ನಡುವಿನದು ಒಣಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಹನ್ನೊಂದು ಗಂಟೆಗೆಲ್ಲ ಅಂಚಿನ ಸಸಿ ಕಿವಿ ಇಳಿಬಿಟ್ಟಿರುತ್ತಿತ್ತು. ಅದೇ ಟ್ರೇಯ ನಡುವೆ ಬೆರಳಿಟ್ಟರೆ ತೇವ, ಮೇಲೆ ಹಸಿರು ಪಾಚಿ. ಅಂಚಿಗೆಂದು ನೀರು ಹಾಕಿದರೆ ನಡುವೆ ಕೊಳೆ, ನಡುವೆ ನೋಡಿ ಸುಮ್ಮನಾದರೆ ಅಂಚು ಹೋಯಿತು.

ಇನ್ನೊಂದು ಕಿರಿಕಿರಿ. ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿತು ಅಂದರೆ ಮತ್ತೆ ಸುಲಭವಾಗಿ ನೀರು ಕುಡಿಯುವುದಿಲ್ಲ. ರೋಸ್ ಕ್ಯಾನಿನಲ್ಲಿ ಹಾಕಿದ್ದು ಮೇಲೆ ಮೇಲೆ ಜಾರಿ ಪಕ್ಕಕ್ಕೆ ಹೋಗುತ್ತದೆ. ಮೇಲೆ ಒದ್ದೆ, ಒಳಗೆ ಬೂದಿ. ನಮ್ಮ ಬೋರ್‌ವೆಲ್ ಕರೆಂಟು ಬೇರೆ ಬೇಕೆಂದಾಗ ಇರುವುದಿಲ್ಲ.

ಕೊನೆಗೆ ಕೈ ಹಿಡಿದದ್ದು ಇಷ್ಟು: ಟ್ರೇಗಳನ್ನು ಸಂದಿಲ್ಲದಂತೆ ಒತ್ತಾಗಿ ಜೋಡಿಸಿದೆ. ಸಾಲಿನ ಸುತ್ತ ಒದ್ದೆ ಗೋಣಿಚೀಲ ಸುತ್ತಿದೆ. ಹೊರಗಿನ ಟ್ರೇ ಒಳಗೆ, ಒಳಗಿನದು ಹೊರಗೆ ಎಂದು ಆಗಾಗ ಜಾಗ ಬದಲಿಸಿದೆ. ತೀರಾ ಒಣಗಿದ ಟ್ರೇಯನ್ನು ಎತ್ತಿ, ಟಾರ್ಪಾಲಿನಲ್ಲಿ ಎರಡು ಬೆರಳು ನೀರು ನಿಲ್ಲಿಸಿ ಅದರಲ್ಲಿ ಇಟ್ಟೆ. ಕೆಳಗಿನಿಂದ ತಾನೇ ಎಳೆದುಕೊಂಡಿತು. ಆಮೇಲೆ ಸಸಿ ಎಲ್ಲ ಒಂದೇ ಎತ್ತರಕ್ಕೆ ಬಂದವು.

ಬೀಡಿ ಸೇದಿದ ಕೈಯಲ್ಲಿ, ಕಡ್ಡಿಪುಡಿ ಹಾಕಿದ ಕೈಯಲ್ಲಿ ಸಸಿ ಮುಟ್ಟಬೇಡಿ, ಎಲೆ ಮೇಲೆ ಮಚ್ಚೆ ಮಚ್ಚೆ ತರುವ ಮೊಸಾಯಿಕ್ ನಂಜು ರೋಗ ಹಾಗೇ ಹರಡುತ್ತದೆ. ಸೋಪು ಹಾಕಿ ಕೈ ತೊಳೆಯಿರಿ ಎಂದರೆ ನಮ್ಮೂರ ಗಂಡಸರು ನಗುತ್ತಾರೆ. ಹೊಗೆಸೊಪ್ಪಿನ ಹೊಲದಲ್ಲೇ ಬೀಡಿ ಬೇಡ ಅಂದರೆ ನಗು ಬರದೆ ಇನ್ನೇನು ಬಂದೀತು, ಅಲ್ವಾ?

ಮೇ ತಿಂಗಳ ಮಳೆ ಬಿದ್ದು ನಾಟಿ ಆದಾಗ ವಾದ ಮುಗಿಯಿತು. ಟ್ರೇ ಸಸಿಯ ದಂಟು ಹಿಡಿದು ಮೆಲ್ಲಗೆ ಎಳೆದರೆ ಬಿಳಿ ಬೇರು ಸುತ್ತಿಕೊಂಡ ಗಡ್ಡೆ ಇಡಿಯಾಗಿ ಕೈಗೆ ಬರುತ್ತದೆ. ಗಂಟಿದ್ದರೆ ಅಲ್ಲೇ ಕಾಣುತ್ತದೆ, ಒಂದರಲ್ಲೂ ಇರಲಿಲ್ಲ. ಮಡಿಯಿಂದ ಕಿತ್ತದ್ದರ ಬೇರು ಅರ್ಧ ಮಣ್ಣಲ್ಲೇ ಉಳಿಯುತ್ತದೆ. ನಾಟಿ ಆದ ಮೇಲೆ ಮಳೆ ಕೈಕೊಟ್ಟಿತು. ಟ್ರೇ ಸಾಲು ತಲೆ ಎತ್ತಿ ನಿಂತಿತ್ತು. ಮಡಿ ಸಾಲಿನಲ್ಲಿ ಸತ್ತ ಕಡೆಗೆಲ್ಲ ಮತ್ತೆ ಸಸಿ ಇಡುವ ಕೆಲಸ, ಮತ್ತೆ ಕೂಲಿ. ಅಪ್ಪ ಏನೂ ಅನ್ನಲಿಲ್ಲ. ಮಾರನೇ ದಿನ ಟ್ರೇಗಳನ್ನು ತೊಳೆದು ಬ್ಯಾರನ್ ಅಟ್ಟಕ್ಕೆ ಎತ್ತಿಟ್ಟಿದ್ದರು.

ಕೊಂಡ ಸಸಿ ನನಗಂತೂ ಸಾಕು. ಕೊಳ್ಳಲೇಬೇಕಾದರೆ ಟ್ರೇ ಸಸಿಯನ್ನೇ ಕೇಳಿ, ದುಡ್ಡು ಕೊಡುವ ಮುಂಚೆ ನಾಲ್ಕು ಕಿತ್ತು ಬೇರು ನೋಡಿ.

ನಮ್ಮ ಮನೆಯಲ್ಲಿ ಹಗಲು ಯಾರಾದರೂ ಇರುತ್ತಾರೆ, ಸಸಿ ಕೂರಿಸಲು ಮನೆಯವರೇ ಇದ್ದಾರೆ, ಹಾಗಾಗಿ ಟ್ರೇ ನಮಗೆ ಗಿಟ್ಟಿತು. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರಿಗೆ ಏಪ್ರಿಲ್‌ನಲ್ಲಿ ಟ್ರೇ ಸಾಕುವುದು ಕಷ್ಟ. ಅಂಥವರಿಗೆ ಮಡಿಯೇ ವಾಸಿ, ಒಂದು ಹೊತ್ತು ನೀರು ತಪ್ಪಿದರೂ ತಡೆಯುತ್ತದೆ. ಟೊಮೆಟೊ, ಬದನೆ ಬೆಳೆದ ಜಾಗದಲ್ಲಿ ಮಾತ್ರ ಮಡಿ ಮಾಡಬೇಡಿ, ಜಂತುಹುಳ ಅಲ್ಲೇ ಕಾದಿರುತ್ತದೆ. ಟ್ರೇ ಕೊಳ್ಳುವವರು ತೆಳ್ಳಗಿರುವ ಅಗ್ಗದ ಟ್ರೇ ತರಬೇಡಿ, ನೀರು ತುಂಬಿದಾಗ ಎತ್ತಿದರೆ ನಡುವೆ ಸೀಳುತ್ತದೆ. ಸ್ವಲ್ಪ ದಪ್ಪದ್ದು ತಂದು ಬಿಸಿಲಿಗೆ ಬಿಡದೆ ಇಟ್ಟುಕೊಂಡರೆ ಮುಂದಿನ ವರ್ಷಕ್ಕೂ ಬರುತ್ತದೆ.