ಲ್ಯಾಂಬ್ಡಾ ಪ್ರೊಫೇಜನ್ನು ಎಬ್ಬಿಸಲು ಶಾಖವೋ, ನೇರಳಾತೀತ ದೀಪವೋ, ಮೈಟೋಮೈಸಿನ್ನೋ?

ಇ. ಕೋಲಿ ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿ ಸೇರಿಕೊಂಡು ಸುಮ್ಮನಿರುವ ಲ್ಯಾಂಬ್ಡಾ ಫೇಜನ್ನು (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್; ಈ ಸ್ಥಿತಿಯಲ್ಲಿ ಅದರ ಹೆಸರು ಪ್ರೊಫೇಜ್) ಎಬ್ಬಿಸಬೇಕಾದಾಗ ನಾನು ಆರಿಸಿಕೊಳ್ಳುವುದು ಶಾಖಕ್ಕೆ ಸೋಲುವ ಸಿಐ857 ರೂಪಾಂತರದ ಪ್ರೊಫೇಜನ್ನು ಹೊತ್ತ ಕೋಶ, ಅಂದರೆ ಸಿಐ857 ಲೈಸೋಜೆನ್‌ ಮತ್ತು ಎರಡು ವಾಟರ್ ಬಾತ್‌ಗಳನ್ನು. ನೇರಳಾತೀತ ದೀಪವನ್ನು ಹೊಸದಾಗಿ ಕೊಂಡು ಬಳಸಿದ ಮೇಲಂತೂ ಈ ಒಲವು ಇನ್ನಷ್ಟು ಗಟ್ಟಿಯಾಗಿದೆ.

ಮೂರು ವಿಧಾನಗಳ ಗುರಿಯೂ ಫೇಜಿನ ಜೀನ್‌ಗಳನ್ನು ಅದುಮಿಡುವ ಸಿಐ ರಿಪ್ರೆಸರ್ ಪ್ರೋಟೀನ್ ಒಂದೇ. ಅದನ್ನು ಡಿಎನ್‌ಎಯಲ್ಲಿ ಅದು ಅಂಟಿಕೊಳ್ಳುವ ಜಾಗವಾದ ಆಪರೇಟರ್‌ನಿಂದ ಕಳಚಿದರೆ ಕ್ರೋ ಜೀನ್ ಚಾಲೂ ಆಗಿ ಫೇಜ್ ಲೈಟಿಕ್ ಹಾದಿಯನ್ನು, ಅಂದರೆ ಹೊಸ ಫೇಜ್‌ಗಳನ್ನು ಕಟ್ಟಿ ಕೋಶವನ್ನು ಒಡೆಯುವ ಹಾದಿಯನ್ನು ಹಿಡಿಯುತ್ತದೆ. ದೀಪವೂ ಮೈಟೋಮೈಸಿನ್ ಸಿ ಎಂಬ ಔಷಧವೂ ಡಿಎನ್‌ಎಗೆ ಗಾಯ ಮಾಡಿ, ಆ ಗಾಯಕ್ಕೆ ಸ್ಪಂದಿಸುವ ರೆಕ್ಎ ಪ್ರೋಟೀನನ್ನು ಚುರುಕುಗೊಳಿಸಿ, ಅದರ ಒತ್ತಾಸೆಯಿಂದ ಸಿಐ ತನ್ನನ್ನು ತಾನೇ ತುಂಡರಿಸಿಕೊಳ್ಳುವಂತೆ ಮಾಡುತ್ತವೆ. ಸಿಐ857ರಲ್ಲಾದರೋ 66ನೆಯ ಅಮೈನೋ ಆಮ್ಲವಾದ ಅಲನೀನ್ ಜಾಗದಲ್ಲಿ ಥ್ರಿಯೋನಿನ್ ಇರುವುದರಿಂದ, 32 ಡಿಗ್ರಿಯಲ್ಲಿ ಗಟ್ಟಿಯಾಗಿ ನಿಲ್ಲುವ ರಿಪ್ರೆಸರ್ 42 ಡಿಗ್ರಿಯಲ್ಲಿ ಆಕಾರ ಕಳೆದುಕೊಳ್ಳುತ್ತದೆ. ಡಿಎನ್‌ಎಗೆ ಪೆಟ್ಟು ಬೀಳುವುದೇ ಇಲ್ಲ.

ದೀಪದ ರಗಳೆ ಶುರುವಾಗುವುದು ಅದನ್ನು ಹೊತ್ತಿಸುವುದಕ್ಕೂ ಮೊದಲೇ. ಪೋಷಕ ದ್ರಾವಣವೇ 254 ನ್ಯಾನೊಮೀಟರ್ ಬೆಳಕನ್ನು ಹೀರಿಕೊಳ್ಳುವುದರಿಂದ, ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕಿಳಿಸಿ, ಮೆಗ್ನೀಸಿಯಂ ಸಲ್ಫೇಟ್ ದ್ರಾವಣದಲ್ಲಿ ಕದಡಿ, ಮುಚ್ಚಳ ತೆಗೆದ ಪೆಟ್ರಿ ತಟ್ಟೆಯಲ್ಲಿ ತೆಳುವಾಗಿ ಹರಡಿ ಅಲುಗಿಸುತ್ತಿರಬೇಕು. ಪ್ರಮಾಣ ಕಡಿಮೆಯಾದರೆ ಪ್ರೊಫೇಜ್ ಮಿಸುಕುವುದಿಲ್ಲ, ಹೆಚ್ಚಾದರೆ ಫೇಜನ್ನು ಕಟ್ಟಬೇಕಾದ ಕೋಶವೇ ಉಳಿಯುವುದಿಲ್ಲ. ದೀಪ ಹಳತಾದಂತೆ ಅದರ ಬಲ ಕುಗ್ಗುವುದರಿಂದ ಹಿಂದೆ ಬರೆದಿಟ್ಟ ಸೆಕೆಂಡುಗಳನ್ನು ನಂಬುವಂತಿಲ್ಲ. ಅಳೆಯಲು ಮೀಟರ್ ಬೇಕು, ಅಂದರೆ ಮತ್ತೊಂದು ಖರ್ಚು.

ಇಷ್ಟೆಲ್ಲ ಆದ ಮೇಲೂ ಕೋಣೆಯ ದೀಪ ಉರಿಯುತ್ತಿದ್ದರೆ, ಕೋಶದ ಫೋಟೊಲಯೇಸ್ ಕಿಣ್ವವು ಅದೇ ಬೆಳಕನ್ನು ಬಳಸಿಕೊಂಡು ಡಿಎನ್‌ಎಯಲ್ಲಿ ನೇರಳಾತೀತ ಕಿರಣ ಬೆಸೆದ ಥೈಮಿನ್ ಜೋಡಿಗಳನ್ನು ಬಿಡಿಸುತ್ತದೆ. ನಾವು ಮಾಡಿದ ಗಾಯವನ್ನು ಅದು ನಮ್ಮೆದುರೇ ಮಾಯಿಸುತ್ತದೆ. ಹಾಗಾಗಿ ಮಬ್ಬುಗತ್ತಲಲ್ಲಿ ಕೆಲಸ ಮಾಡಿ, ಫ್ಲಾಸ್ಕಿಗೆ ಅಲ್ಯೂಮಿನಿಯಂ ಹಾಳೆ ಸುತ್ತಬೇಕಾಗುತ್ತದೆ. ಫ್ರೆಂಚ್ ವಿಜ್ಞಾನಿ ಆಂದ್ರೆ ಲ್ವಾಫ್ ಮತ್ತು ಸಂಗಡಿಗರು 1950ರಲ್ಲಿ ಬ್ಯಾಸಿಲಸ್ ಮೆಗಾಟೀರಿಯಂನ ಪ್ರೊಫೇಜನ್ನು ಎಬ್ಬಿಸಿದ್ದು ನೇರಳಾತೀತ ಕಿರಣದಿಂದಲೇ ಎಂಬ ಗೌರವ ನನಗಿದೆ, ದಿನನಿತ್ಯದ ಕೆಲಸಕ್ಕೆ ಆ ಗೌರವ ಸಾಲದು.

ಮೈಟೋಮೈಸಿನ್ ಸುಲಭ, ಆದರೆ ದುಬಾರಿ, ವಿಷ, ಮೇಲಾಗಿ ಲೈಸೇಟಿನಲ್ಲೇ (ಕೋಶಗಳು ಒಡೆದು ಫೇಜ್ ಹೊರಬಂದ ದ್ರವದಲ್ಲೇ) ಉಳಿದುಬಿಡುತ್ತದೆ.

ಶಾಖದಲ್ಲಿ ಎಚ್ಚರ ವಹಿಸಬೇಕಾದದ್ದು ಎರಡೇ. ದೊಡ್ಡ ಫ್ಲಾಸ್ಕಿನ ಒಳಗಿನ ದ್ರವ ನಿಧಾನವಾಗಿ ಕಾಯುತ್ತದೆ, ಬೇಗ ತಣಿಸಿದರೆ ಕೆಲವು ರಿಪ್ರೆಸರ್‌ಗಳು ಮರಳಿ ಸರಿಯಾಗುತ್ತವೆ. 32 ಡಿಗ್ರಿಯ ಕಲ್ಚರಿಗೆ 52 ಡಿಗ್ರಿಗೆ ಕಾಯಿಸಿದ ಅಷ್ಟೇ ಪ್ರಮಾಣದ ದ್ರಾವಣ ಬೆರೆಸಿದರೆ ತಕ್ಷಣ 42ರ ಹತ್ತಿರ ಬರುತ್ತದೆ; ಹದಿನೈದಿಪ್ಪತ್ತು ನಿಮಿಷ ಹಾಗೇ ಬಿಟ್ಟು, ಬಳಿಕ 37ಕ್ಕಿಳಿಸಿ ಚೆನ್ನಾಗಿ ಗಾಳಿಯಾಡಿಸುತ್ತೇನೆ.

ನನ್ನ ಕೆಲಸ ಗೊತ್ತಿರುವ ತಳಿಯಿಂದ ಲೈಸೇಟ್ ತಯಾರಿಸುವುದಾದ್ದರಿಂದ ಈ ಆಯ್ಕೆ ಹೊಂದುತ್ತದೆ. ಪರಿಸರದಿಂದ ತಂದ ಅಪರಿಚಿತ ಲೈಸೋಜೆನ್‌ಗಳನ್ನು ಜಾಲಾಡುವವರಿಗೆ ಮೈಟೋಮೈಸಿನ್ನೇ ಗತಿ, ಅದಕ್ಕೂ ಪಿ2ನಂಥ ಫೇಜ್‌ಗಳು ಜಗ್ಗುವುದಿಲ್ಲ. ಮೂರನ್ನೂ ಒಂದೇ ತಳಿಯಲ್ಲಿ ಹೋಲಿಸುವವರು ಫೇಜಿನ ಹೆಸರಿನಲ್ಲಿ ಇಂಡ್1 ಎಂಬ ರೂಪಾಂತರ ಇದೆಯೇ ಎಂದು ಮೊದಲು ನೋಡಲಿ: ಅದರ ರಿಪ್ರೆಸರ್ ತುಂಡಾಗದ ಕಾರಣ ದೀಪಕ್ಕೂ ಮೈಟೋಮೈಸಿನ್‌ಗೂ ಅಲ್ಲಿ ಕೆಲಸವೇ ಇಲ್ಲ. ಜೊತೆಗೆ ಎಸ್ಎಎಂ7 (ಕೋಶ ಒಡೆಯಲು ಬೇಕಾದ ಎಸ್ ಜೀನಿನ ರೂಪಾಂತರ) ಎಂದೂ ಇದ್ದರೆ, ಆ ದೋಷವನ್ನು ಸರಿದೂಗಿಸುವ ಸಪ್ರೆಸರ್ ಜೀನ್ ಇಲ್ಲದ ಕೋಶ ತಾನಾಗಿ ಒಡೆಯುವುದಿಲ್ಲ, ಕ್ಲೋರೋಫಾರ್ಮ್ ಹಾಕಬೇಕು.