ಸಹಿ ಹಾಕುವ ಮುನ್ನ: ಕೆಲಸದ ಜಾಗದಲ್ಲಿ ಪೆಟ್ಟಾದವರ ಪರಿಹಾರದ ಬಗ್ಗೆ ಒಂದು ಎಚ್ಚರಿಕೆ

ಕಾರ್ಖಾನೆಯಲ್ಲೋ, ಶೆಡ್ಡಿನಲ್ಲೋ, ಕಟ್ಟಡದ ಕೆಲಸದಲ್ಲೋ ನಿಮ್ಮ ಮನೆಯವರಿಗೆ ಪೆಟ್ಟಾದರೆ, ಗಾಯ ಹೇಗಾಯಿತೆಂದು ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಅದೇ ದಿನ ಓದಿ ನೋಡಿ. ಮಾಲೀಕರ ಕಡೆಯವರು ತಂದುಕೊಡುವ ಯಾವ ಕಾಗದಕ್ಕೂ, ತಿಳಿದವರಿಗೆ ತೋರಿಸದೆ, ಗಾಯಾಳುವಿನಿಂದ ಸಹಿ ಹಾಕಿಸಬೇಡಿ. ನನ್ನ ತಮ್ಮನ ವಿಷಯದಲ್ಲಿ ಈ ಎರಡೂ ಕಡೆ ನಮಗೆ ಅನ್ಯಾಯವಾಯಿತು. ಕಾನೂನು ಅವನ ಪರವಾಗಿಯೇ ಇದ್ದರೂ, ಆ ಎರಡು ಕಾಗದಗಳಿಂದಾಗಿ ಅವನಿಗೆ ಸಲ್ಲಬೇಕಾದ ಹಣ ಬಹಳ ಕಾಲ ತಡವಾಯಿತು.

ಅವನು ಬೆಂಗಳೂರಿನ ಪೀಣ್ಯದಲ್ಲಿ ಆರೇಳು ಜನ ಕೆಲಸ ಮಾಡುವ ಒಂದು ಸಣ್ಣ ಶೆಡ್ಡಿನಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ತಗಡಿನ ತುಂಡನ್ನು ಕೈಯಿಂದ ಡೈ ಮೇಲೆ ಇಟ್ಟು, ಕಾಲಿನಿಂದ ಪೆಡಲ್ ಒತ್ತಿ, ಪೀಸನ್ನು ತೆಗೆದು ಮತ್ತೊಂದನ್ನು ಇಡುವ ಕೆಲಸ ಅದು. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡನ್ನು ಆ ಮಷೀನಿನಿಂದ ಬಹಳ ಹಿಂದೆಯೇ ಬಿಚ್ಚಿಟ್ಟಿದ್ದರು, ಏಕೆಂದರೆ ಗಾರ್ಡ್ ಇದ್ದರೆ ಗಂಟೆಗೆ ಬೀಳುವ ಪೀಸುಗಳ ಲೆಕ್ಕ ಕಡಿಮೆಯಾಗುತ್ತದೆ. 2022ರ ಕೊನೆಯಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಪ್ರೆಸ್ ಎರಡನೆಯ ಬಾರಿ ತಾನಾಗಿಯೇ ಇಳಿದು, ಅವನ ಬಲಗೈಯ ತೋರುಬೆರಳು ಮತ್ತು ನಡುಬೆರಳು ಬುಡದವರೆಗೂ ಹೋದವು. ಆಗ ಅವನಿಗೆ ಇಪ್ಪತ್ತೆಂಟು ವರ್ಷ.

ಅವನನ್ನು ಆಸ್ಪತ್ರೆಗೆ ಕರೆದೊಯ್ದವನು ಶೆಡ್ಡಿನ ಸೂಪರ್‌ವೈಸರ್. ನಾನು ಅಲ್ಲಿಗೆ ತಲುಪಿದಾಗ ಆತ ಬಲು ವಿನಯದಿಂದ, “ಏನೂ ಯೋಚನೆ ಮಾಡ್ಬೇಡಿ ಅಕ್ಕಾ, ಎಲ್ಲಾ ಓನರ್ ನೋಡ್ಕೋತಾರೆ. ಪೊಲೀಸು, ಕಂಪ್ಲೇಂಟು ಅಂತ ಹೋದ್ರೆ ಬಿಲ್ಲು ನಿಮ್ಮ ತಲೆ ಮೇಲೆ ಬರುತ್ತೆ” ಎಂದ. ಆತ ಆಸ್ಪತ್ರೆಯವರಿಗೆ ಕೊಟ್ಟಿದ್ದ ವಿವರ ನಮಗೆ ತಿಳಿದದ್ದು ಡಿಸ್ಚಾರ್ಜ್ ಆದ ಮೇಲೆ. ಮನೆಯಲ್ಲಿ ಕಬ್ಬಿಣದ ಗೇಟಿನ ಸಂದಿಗೆ ಕೈ ಸಿಕ್ಕಿ ಗಾಯವಾಯಿತೆಂದು ಕೇಸ್ ಶೀಟಿನ ಮೊದಲ ಪುಟದಲ್ಲೇ ದಾಖಲಾಗಿತ್ತು. ಮನೆಯಲ್ಲಿ ಆದ ಗಾಯವೆಂದು ಬರೆದದ್ದರಿಂದ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ಆಸ್ಪತ್ರೆ ಮಾಡುವ ದಾಖಲೆ) ಆಗಲಿಲ್ಲ, ಎಂಎಲ್‌ಸಿ ಆಗದ್ದರಿಂದ ಠಾಣೆಗೆ ಮಾಹಿತಿ ಹೋಗಲಿಲ್ಲ, ಹೀಗಾಗಿ ಅಪಘಾತ ಶೆಡ್ಡಿನಲ್ಲೇ ನಡೆಯಿತೆಂದು ಹೇಳುವ ಒಂದೇ ಒಂದು ಸರ್ಕಾರಿ ದಾಖಲೆಯೂ ಹುಟ್ಟಲಿಲ್ಲ. ನೋವಿನಲ್ಲಿ ಅರೆಪ್ರಜ್ಞೆಯಲ್ಲಿದ್ದವನ ಪರವಾಗಿ ಬೇರೊಬ್ಬ ಆಡಿದ ಒಂದು ಸುಳ್ಳು, ಮುಂದೆ ಪರಿಹಾರದ ಅರ್ಜಿಯನ್ನು ವಿಚಾರಿಸುವ ಆಯುಕ್ತರ ಎದುರು ನಡೆದ ವಾದದಲ್ಲಿ ಎದುರಾಳಿ ವಕೀಲರ ಮುಖ್ಯ ಆಧಾರವಾಯಿತು. ಆದ್ದರಿಂದ ಗಾಯಾಳುವಿನ ಜೊತೆ ಮನೆಯವರೊಬ್ಬರು ಆದಷ್ಟು ಬೇಗ ಆಸ್ಪತ್ರೆ ಸೇರಬೇಕು, ಕೆಲಸದ ಜಾಗದ ಹೆಸರು, ಮಷೀನಿನ ಹೆಸರು, ಹೊತ್ತು ಇವಿಷ್ಟನ್ನೂ ವೈದ್ಯರಿಗೆ ಹೇಳಿ ಬರೆಸಬೇಕು. ರೋಗಿಯಾಗಲಿ, ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಗಳೇ ಹೇಳುತ್ತವೆ. ಹಾಗಾಗಿ ಪ್ರತಿ ಕೇಳಲು ಹಿಂಜರಿಯಬೇಕಿಲ್ಲ.

ಎರಡನೆಯ ಕಾಗದ ಬಂದದ್ದು ಹೊಲಿಗೆ ಬಿಚ್ಚುವುದಕ್ಕೂ ಮುಂಚೆ. ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎರಡು ಪುಟಗಳು, ಅದರ ಜೊತೆ ನಲವತ್ತು ಸಾವಿರ ರೂಪಾಯಿ ನಗದು. ಅದು ಹಣ ಪಡೆದದ್ದಕ್ಕೆ ರಸೀದಿ ಮಾತ್ರ ಎಂದು ಅವನಿಗೆ ಹೇಳಿದ್ದರು. ಬಲಗೈಗೆ ಬ್ಯಾಂಡೇಜು ಸುತ್ತಿದ್ದರಿಂದ ಅವನ ಎಡಗೈ ಹೆಬ್ಬೆಟ್ಟನ್ನು ಮಸಿಗೆ ಒತ್ತಿಸಿ ಗುರುತು ಪಡೆದರು. ಬಿ.ಕಾಂ ಎರಡನೆಯ ವರ್ಷದವರೆಗೂ ಓದಿದ್ದ ಹುಡುಗನ ಹೆಬ್ಬೆಟ್ಟು ಅದು. ಅದರೊಳಗೆ ಇದ್ದದ್ದೇನೆಂದರೆ, ಗಾಯಕ್ಕೆ ತನ್ನ ಅಜಾಗರೂಕತೆಯೇ ಕಾರಣ, ಪೂರ್ಣ ಮತ್ತು ಅಂತಿಮ ಪರಿಹಾರ ಪಡೆದಿದ್ದೇನೆ, ಮುಂದೆ ಯಾವ ಕಚೇರಿಗೂ ದೂರು ಕೊಡುವುದಿಲ್ಲ ಎಂಬ ಮುಚ್ಚಳಿಕೆ.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಪ್ರತಿಯೊಬ್ಬ ಕೆಲಸಗಾರರೂ ತಿಳಿದಿರಬೇಕು. ಅವನ ಪ್ರಕರಣಕ್ಕೆ ಅನ್ವಯಿಸಿದ್ದು 1923ರ ನೌಕರರ ಪರಿಹಾರ ಕಾಯ್ದೆ. ಕೆಲಸದ ಕಾರಣದಿಂದ ಮತ್ತು ಕೆಲಸದ ಅವಧಿಯಲ್ಲಿ ಆದ ಅಪಘಾತಕ್ಕೆ ಮಾಲೀಕ ಹೊಣೆ. ಇದು ಮಾಲೀಕನ ತಪ್ಪನ್ನು ಸಾಬೀತು ಮಾಡಿ ಗೆಲ್ಲಬೇಕಾದ ದಾವೆಯೂ ಅಲ್ಲ, ಅವನ ದಯೆಯಿಂದ ಸಿಗುವ ಧರ್ಮವೂ ಅಲ್ಲ. ಕಾಯ್ದೆಯಡಿಯ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡಿಕೊಳ್ಳುವ ಯಾವುದೇ ಒಪ್ಪಂದ 17ನೆಯ ಕಲಮಿನ ಪ್ರಕಾರ ಊರ್ಜಿತವಲ್ಲ. ಪರಿಹಾರದ ಮೊತ್ತವನ್ನು ಇಬ್ಬರೂ ಮಾತನಾಡಿ ಒಪ್ಪಿಕೊಂಡರೂ ಆ ಒಪ್ಪಂದವನ್ನು ಪರಿಹಾರ ಆಯುಕ್ತರ ಬಳಿ ನೋಂದಾಯಿಸಬೇಕು. ಮೊತ್ತ ಸಾಲದೆಂದು ಅಥವಾ ಮೋಸದಿಂದ ಪಡೆದದ್ದೆಂದು ಕಂಡರೆ ಆಯುಕ್ತರು ನೋಂದಣಿಯನ್ನು ನಿರಾಕರಿಸಬಹುದು. ನೋಂದಾಯಿಸದೆ ಇಟ್ಟುಕೊಂಡ ಮುಚ್ಚಳಿಕೆಯಿಂದ ಮಾಲೀಕನ ಹೊಣೆ ತಪ್ಪುವುದಿಲ್ಲ. ಆದರೂ ಈ ಕಾಗದ ಏಕೆ ಅಪಾಯಕಾರಿ ಎಂದರೆ, ಅದನ್ನು ತೋರಿಸಿದೊಡನೆ ಗಾಯಾಳುಗಳು ತಮ್ಮ ಹಕ್ಕು ಮುಗಿದೇ ಹೋಯಿತೆಂದು ನಂಬಿ ಮನೆಯಲ್ಲಿ ಕುಳಿತುಬಿಡುತ್ತಾರೆ. ನನ್ನ ತಮ್ಮನೂ ತಿಂಗಳುಗಟ್ಟಲೆ ಹಾಗೆಯೇ ನಂಬಿದ್ದ.

ನಲವತ್ತು ಸಾವಿರಕ್ಕೂ ಕಾನೂನಿನ ಮೊತ್ತಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ದುಡಿಯುವ ಶಕ್ತಿ ಶಾಶ್ವತವಾಗಿ ಪೂರ್ತಿ ಹೋದರೆ ತಿಂಗಳ ವೇತನದ ಶೇಕಡ 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ, ಸಾವು ಸಂಭವಿಸಿದ್ದರೆ ಶೇಕಡ 50ನ್ನು. ಗುಣಕಗಳ ಪಟ್ಟಿ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿದೆ, ಇಪ್ಪತ್ತೆಂಟು ವರ್ಷಕ್ಕೆ ಅದು 211.79. ಭಾಗಶಃ ಊನವಾದಾಗ ಯಾವ ಅಂಗಕ್ಕೆ ಎಷ್ಟು ಪಾಲು ಎಂಬುದು ಮೊದಲನೆಯ ಅನುಸೂಚಿಯಲ್ಲಿ ಬರೆದಿದೆ. ಹೆಬ್ಬೆರಳು ಹೋದರೆ ಶೇಕಡ 30, ಒಂದೇ ಕೈಯ ಎರಡು ಬೆರಳು ಹೋದರೆ 20, ಮೂರು ಬೆರಳಿಗೆ 30, ನಾಲ್ಕಕ್ಕೆ 50. ಅವನ ವೇತನ ತಿಂಗಳಿಗೆ 14,000 ರೂಪಾಯಿ. ಅದರ ಶೇಕಡ 60 ಎಂದರೆ 8,400. ಅದನ್ನು 211.79ರಿಂದ ಗುಣಿಸಿ, ಬಂದ ಮೊತ್ತದಲ್ಲಿ ಶೇಕಡ 20ನ್ನು ತೆಗೆದರೆ 3,55,807 ರೂಪಾಯಿ ಆಗುತ್ತದೆ. ವೇತನ ಎಷ್ಟೇ ಹೆಚ್ಚಿದ್ದರೂ ಈ ಲೆಕ್ಕಕ್ಕೆ ಹಿಡಿಯುವ ಮಿತಿ 2020ರ ಜನವರಿಯಿಂದ 15,000 ರೂಪಾಯಿ, ಅದಕ್ಕೂ ಮುಂಚೆ 8,000 ಇತ್ತು.

ವೇತನದ ವಿಷಯದಲ್ಲೂ ತಕರಾರು ಬಂತು. ಅವನ ಸಂಬಳದಲ್ಲಿ 9,000 ರೂಪಾಯಿ ಮಾತ್ರ ಬ್ಯಾಂಕ್ ಖಾತೆಗೆ ಬರುತ್ತಿತ್ತು, ಉಳಿದದ್ದನ್ನು ಓನರ್ ತಮ್ಮ ಸ್ವಂತ ಫೋನಿನಿಂದ ಫೋನ್‌ಪೇ ಮಾಡುತ್ತಿದ್ದರು. ಸಂಬಳ 9,000 ಮಾತ್ರ ಎಂದು ವಿಚಾರಣೆಯಲ್ಲಿ ಅವರ ಕಡೆಯವರು ವಾದಿಸಿದರು. ಹಾಗೆ ಹಿಡಿದರೆ ಪರಿಹಾರ 2,28,733 ರೂಪಾಯಿಗೆ ಇಳಿಯುತ್ತದೆ. ಪ್ರತಿ ತಿಂಗಳ ಮೊದಲ ವಾರ ಅದೇ ನಂಬರಿನಿಂದ ಬಂದ ಹಣದ ವಿವರ ಫೋನಿನಲ್ಲಿ ಉಳಿದಿದ್ದರಿಂದ ಆ ವಾದ ನಿಲ್ಲಲಿಲ್ಲ. ಉಳಿದ ಸಂಬಳವನ್ನು ಲಕೋಟೆಯಲ್ಲಿ ನಗದಾಗಿ ಪಡೆಯುತ್ತಿರುವವರು ದಯವಿಟ್ಟು ಇಂದಿನಿಂದಲೇ ಅದು ಖಾತೆಗೆ ಬರುವಂತೆ ಕೇಳಿಕೊಳ್ಳಿ. ಅದಕ್ಕೆ ಒಪ್ಪದ ಕಡೆ ಕನಿಷ್ಠ ಹಾಜರಿ ಪುಸ್ತಕದ ಪುಟದ, ಗುರುತಿನ ಚೀಟಿಯ, ಪಾಳಿಯ ಬಗ್ಗೆ ಬಂದ ವಾಟ್ಸಾಪ್ ಸಂದೇಶಗಳ ಫೋಟೊಗಳನ್ನಾದರೂ ಮನೆಯವರ ಫೋನಿನಲ್ಲಿ ಇಟ್ಟಿರಿ.

ಆಸ್ಪತ್ರೆಗೆ ತಾವು ತೊಂಬತ್ತು ಸಾವಿರ ಕಟ್ಟಿದ್ದೇವೆ, ಅದೇ ಪರಿಹಾರ ಎಂಬುದು ಅವರ ಇನ್ನೊಂದು ಮಾತು. ಇದು ಬಹಳ ಕಡೆ ಕೇಳಿಬರುವ ಮಾತು, ಮತ್ತು ಇದು ಪೂರ್ತಿ ತಪ್ಪು. ಚಿಕಿತ್ಸೆಗೆ ಮಾಲೀಕ ಕೊಟ್ಟ ಹಣವನ್ನು ಪರಿಹಾರವೆಂದು ಎಣಿಸುವಂತಿಲ್ಲ ಎಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳುತ್ತದೆ. ಅಷ್ಟೇ ಅಲ್ಲ, ಚಿಕಿತ್ಸೆಗೆ ನೌಕರ ಸ್ವಂತ ಜೇಬಿನಿಂದ ಮಾಡಿದ ಖರ್ಚನ್ನೂ ಮಾಲೀಕ ತುಂಬಿಕೊಡಬೇಕೆಂಬ ನಿಯಮ 2009ರ ತಿದ್ದುಪಡಿಯಲ್ಲಿ ಸೇರಿದೆ. ಔಷಧಿ ಅಂಗಡಿಯ ಸಣ್ಣ ಚೀಟಿಯನ್ನೂ ಬಿಸಾಡದಿರಿ.

ಗಾರ್ಡನ್ನು ತೆಗೆದವನು ಅವನೇ ಎಂಬ ಆರೋಪವಂತೂ ನಮ್ಮನ್ನು ಬಹಳ ನೋಯಿಸಿತು. ಕುಡಿದಿದ್ದರಿಂದ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದರಿಂದ ಅಥವಾ ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದದ್ದರಿಂದ ಗಾಯವಾಗಿದ್ದರೆ ಮಾಲೀಕನಿಗೆ ಹೊಣೆಯಿಲ್ಲ ಎಂಬ ವಿನಾಯಿತಿ ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಊನ ಆದಾಗ ಆ ವಿನಾಯಿತಿ ನಡೆಯುವುದಿಲ್ಲ, ಉಳಿದ ಪ್ರಕರಣಗಳಲ್ಲೂ ‘ಬೇಕೆಂದೇ’ ಎಂಬುದನ್ನು ಮಾಲೀಕನೇ ತೋರಿಸಬೇಕು. ಅಪಘಾತದ ಮರುದಿನ ಆ ಪ್ರೆಸ್ಸಿಗೆ ಹೊಸ ಗಾರ್ಡ್ ಬಂದು ಕುಳಿತಿತ್ತು. ಅದಕ್ಕೂ ಮುಂಚೆ ಜೊತೆಯ ಕೆಲಸಗಾರನೊಬ್ಬ ಯಾವುದೋ ಕಾರಣಕ್ಕೆ ತೆಗೆದಿದ್ದ ಫೋಟೊದಲ್ಲಿ, ಗಾರ್ಡಿನ ಬೋಲ್ಟ್ ಇರಬೇಕಾದ ತೂತುಗಳು ತುಕ್ಕು ಹಿಡಿದು ಖಾಲಿಯಾಗಿ ಕಾಣುತ್ತಿದ್ದವು. ಆ ತುಕ್ಕು ನಮ್ಮ ಪರವಾಗಿ ಸಾಕ್ಷಿ ಹೇಳಿತು. ಆ ಹುಡುಗ ತನ್ನ ಕೆಲಸ ಹೋಗಬಹುದೆಂದು ತಿಳಿದೂ ಫೋಟೊ ಕೊಟ್ಟ, ಅವನ ಉಪಕಾರವನ್ನು ನಮ್ಮ ಮನೆಯಲ್ಲಿ ಯಾರೂ ಮರೆಯುವುದಿಲ್ಲ.

ಗುತ್ತಿಗೆದಾರರ ಮೂಲಕ ಕೆಲಸಕ್ಕೆ ಸೇರಿದವರಿಗೆ ‘ಇವನು ನಮ್ಮವನಲ್ಲ, ಗುತ್ತಿಗೆದಾರನನ್ನು ಕೇಳಿ’ ಎಂಬ ಉತ್ತರ ಸಿಗುತ್ತದೆ. 12ನೆಯ ಕಲಮಿನ ಪ್ರಕಾರ, ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದು, ಅವನು ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ.

ಬೆರಳಿಗಿಷ್ಟು ಎಂಬ ಪಟ್ಟಿಯೇ ಎಲ್ಲ ಸಂದರ್ಭದಲ್ಲೂ ಕೊನೆಯ ಮಾತಲ್ಲ. ಎಡಗೈಯನ್ನು ಮೊಣಕೈ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಅದನ್ನು ಪೂರ್ಣ ಊನವೆಂದೇ ಎಣಿಸಿದ್ದನ್ನು ಸುಪ್ರೀಂ ಕೋರ್ಟ್ 1975ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ಪರಿಹಾರದ ಹೊಣೆ ಅಪಘಾತದ ದಿನದಿಂದಲೇ ಶುರುವಾಗುತ್ತದೆ ಎಂದೂ ಅದೇ ತೀರ್ಪು ಹೇಳಿತು. ಆದ್ದರಿಂದ ಗಾಯಾಳು ಮಾಡುತ್ತಿದ್ದ ಕೆಲಸ ಯಾವುದು, ಅದನ್ನು ಇನ್ನು ಮಾಡಬಲ್ಲರೇ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳುವುದು ಮುಖ್ಯ. ದೇಹದ ಊನದ ಪ್ರಮಾಣ ಬೇರೆ, ದುಡಿಮೆಯ ಶಕ್ತಿಯ ನಷ್ಟ ಬೇರೆ.

ಇನ್ನು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಅಂಥವರ ಹಾದಿ ಬೇರೆ. ಕೆಲಸದಲ್ಲಿ ಆದ ಗಾಯದಿಂದ ಮನೆಯಲ್ಲಿ ಕೂರಬೇಕಾದ ಅವಧಿಗೆ ಸರಾಸರಿ ದಿನಗೂಲಿಯ ಶೇಕಡ 90 ಸಿಗುತ್ತದೆ, ಶಾಶ್ವತ ಊನವಾದರೆ ವೈದ್ಯಕೀಯ ಮಂಡಳಿ ನಿಗದಿಪಡಿಸಿದ ಪ್ರಮಾಣದಲ್ಲಿ ತಿಂಗಳು ತಿಂಗಳೂ ಹಣ ಬರುತ್ತದೆ. ಇಎಸ್‌ಐ ಸೌಲಭ್ಯ ಇರುವವರು ಅದೇ ಗಾಯಕ್ಕೆ ಮಾಲೀಕನಿಂದ ಪರಿಹಾರ ಕಾಯ್ದೆಯಡಿ ಮತ್ತೆ ಕೇಳುವಂತಿಲ್ಲ, ಹಾಗಾಗಿ ತಪ್ಪು ಕಚೇರಿಗೆ ಅರ್ಜಿ ಹಾಕಿ ಕಾಲ ಕಳೆಯಬೇಡಿ. ಮಾಲೀಕ ವಂತಿಗೆ ಕಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ನೌಕರನ ಹಕ್ಕು ಹೋಗುವುದಿಲ್ಲ. ನಿಮ್ಮ ಪಾಲಿನ ಶೇಕಡ 0.75 ಕಡಿತವಾಗುತ್ತಿದೆಯೇ, ವಿಮಾ ಸಂಖ್ಯೆ ನಿಮ್ಮ ಹೆಸರಿನಲ್ಲಿದೆಯೇ ಎಂಬುದನ್ನು ಪೆಟ್ಟಾಗುವ ಮುಂಚೆಯೇ ನೋಡಿಕೊಳ್ಳಿ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ನಾನು ಮೇಲೆ ಹೇಳಿದ ಎರಡೂ ಕಾಯ್ದೆಗಳ ವಿಷಯ ಈಗ ಅದರೊಳಗೆ ಸೇರಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ಆದರೆ ಮಾಲೀಕನ ಹೊಣೆಯೂ 50 ಮತ್ತು 60ರ ಲೆಕ್ಕದ ಕ್ರಮವೂ ಮುಂದುವರಿದಿವೆ. ಹೊಸದಾಗಿ ಪೆಟ್ಟಾದವರು ಅರ್ಜಿಯಲ್ಲಿ ಸಂಹಿತೆಯ ಕಲಮುಗಳನ್ನೇ ಬರೆಸಬೇಕು.

ತಡಮಾಡಿಸುವುದೂ ಒಂದು ತಂತ್ರ. ‘ಕೈ ವಾಸಿಯಾಗಲಿ, ಹಬ್ಬ ಕಳೆಯಲಿ, ಆಡಿಟ್ ಮುಗಿಯಲಿ’ ಎನ್ನುತ್ತಾ ತಿಂಗಳುಗಳು ಉರುಳುತ್ತವೆ. ನಮ್ಮ ಪ್ರಕರಣ ನಡೆದ ಕಾಯ್ದೆಯಲ್ಲಿ ಅರ್ಜಿಗೆ ಅಪಘಾತದಿಂದ ಎರಡು ವರ್ಷದ ಗಡುವಿತ್ತು. ಮಾಲೀಕನಿಗೆ ಅಪಘಾತದ ಬಗ್ಗೆ ಲಿಖಿತ ನೋಟಿಸನ್ನು ಮೊದಲ ವಾರದಲ್ಲೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಜೋಪಾನ ಮಾಡಿ. ಸಲ್ಲಬೇಕಾದ ಹಣವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12 ಬಡ್ಡಿ, ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡ ಬೀಳುತ್ತದೆ ಎಂಬುದನ್ನು ಆ ನೋಟಿಸಿನಲ್ಲೇ ನೆನಪಿಸಿ.

ನನ್ನ ತಮ್ಮನಿಗೆ ಕೊನೆಗೆ 14,000ದ ವೇತನದ ಮೇಲೆಯೇ ಲೆಕ್ಕ ಹಾಕಿ, ಮೊದಲು ಪಡೆದ ನಲವತ್ತು ಸಾವಿರವನ್ನು ಕಳೆದು, ಬಡ್ಡಿಸಹಿತ ಪರಿಹಾರ ಆದೇಶವಾಯಿತು. ಚಿಕಿತ್ಸೆ ಮಾಡಿದ ವೈದ್ಯರು ಸಾಕ್ಷಿಗೆ ಬಂದು, ಗೇಟಿನ ಕತೆ ಹೇಳಿದವರು ರೋಗಿಯಲ್ಲ, ಕರೆತಂದವರು ಎಂದು ತಿಳಿಸಿದ್ದರಿಂದ ಕೇಸ್ ಶೀಟಿನ ತೊಡಕು ಬಗೆಹರಿಯಿತು. ಅಷ್ಟರಲ್ಲಿ ಅವನು ಎಡಗೈಯಲ್ಲಿ ಬರೆಯುವುದನ್ನು ಕಲಿತು, ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದ.

ಆಸ್ಪತ್ರೆಯ ಬಾಗಿಲಿನಲ್ಲೇ ನಿಂತು, ಬಂದ ಹಣದಲ್ಲಿ ಇಷ್ಟು ಪಾಲು ಕೊಟ್ಟರೆ ಎಲ್ಲ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳು ನಮಗೂ ಸಿಕ್ಕಿದ್ದರು. ಅವರ ಹಂಗು ಬೇಕಿಲ್ಲ. ಕಾರ್ಖಾನೆ ಕೆಲಸಗಾರರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಇರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೋಗುವಾಗ ಕೇಸ್ ಶೀಟಿನ ಪ್ರತಿ, ಸಂಬಳ ಬಂದ ದಾಖಲೆ, ಆಧಾರ್, ಗಾಯದ ಫೋಟೊಗಳು ಮತ್ತು ಮಾಲೀಕರ ಕಡೆಯವರು ಸಹಿ ಹಾಕಿಸಿಕೊಂಡ ಕಾಗದದ ನಕಲು ಇದ್ದರೆ ಅದನ್ನೂ ಕೊಂಡೊಯ್ಯಿರಿ.